ವೀಸಾದಲ್ಲಿ ನಾನು 'ಡಿಪೆಂಡೆಂಟ್': ಟ್ಯಾಸ್ಮೇನಿಯಾದ ಶಾಂತ ಊರಿಗೆ ಹೋದ ಒಂದು ಸಂಸಾರದ ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ, ಅಡುಗೆ ಮಾಡ್ತಾ ನೀವೆಲ್ಲ ಇದನ್ನ ಕೇಳ್ತಿರಬಹುದು. ನಾನೂ ಒಂದು ಕಾಲದಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಹಾಕ್ಕೊಂಡು ಹೀಗೇ ಪಾಡ್‌ಕಾಸ್ಟ್ ಕೇಳ್ತಿದ್ದವನು. ಆಗ ಮನಸ್ಸಲ್ಲಿ ಇದ್ದದ್ದು ಒಂದೇ ಮಾತು: "ಇದನ್ನೆಲ್ಲ ಬಿಟ್ಟು ಎಲ್ಲಾದ್ರೂ ಶಾಂತವಾಗಿರೋ ಊರಿಗೆ ಹೋಗಿಬಿಡಬೇಕು."

ಹೋದ್ವಿ. 2023ರ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು ಮೂರೂ ಜನ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪಕ್ಕೆ ಹೋದ್ವಿ. ಊರಿನ ಹೆಸರು ಲಾನ್‌ಸೆಸ್ಟನ್. ಇವತ್ತು ಅದರ ಬಗ್ಗೆ ಮಾತಾಡ್ತೀನಿ. ಫೋಟೋದಲ್ಲಿ ಕಾಣೋದನ್ನ ಸ್ವಲ್ಪ, ಕಾಣದೇ ಇರೋದನ್ನ ಜಾಸ್ತಿ.

ಮೊದಲು ಜಾಗದ ಅಂದಾಜು ಕೊಡ್ತೀನಿ. ಟ್ಯಾಸ್ಮೇನಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಜನ? ಇಡೀ ರಾಜ್ಯದಲ್ಲಿ ಆರು ಲಕ್ಷವೂ ಇಲ್ಲ. ನಮ್ಮ ಮೈಸೂರು ನಗರ ಒಂದರಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಲಾನ್‌ಸೆಸ್ಟನ್ ಅಲ್ಲಿನ ಎರಡನೇ ದೊಡ್ಡ ಊರು. ಊರ ನಡುವಿಂದ ನಡ್ಕೊಂಡೇ ಕ್ಯಾಟರಾಕ್ಟ್ ಗಾರ್ಜ್ ಅನ್ನೋ ಬಂಡೆಗಳ ಕಣಿವೆಗೆ ಹೋಗಬಹುದು. ಅಲ್ಲಿ ನದಿ, ತೂಗುಸೇತುವೆ, ಓಡಾಡ್ಕೊಂಡಿರೋ ನವಿಲುಗಳು. ನಿಜವಾಗ್ಲೂ ಚೆಂದದ ಊರು.

ನಾವು ಹೋದದ್ದು 491 ಅನ್ನೋ ವೀಸಾದಲ್ಲಿ. 2019ರ ನವೆಂಬರ್‌ನಲ್ಲಿ ಶುರುವಾದದ್ದು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರು ಮಹಾನಗರ ಬಿಟ್ಟು ಮಿಕ್ಕ ಕಡೆ ಹೋಗಿ ನೆಲೆಸ್ತೀವಿ ಅಂತ ಒಪ್ಪಿಕೊಳ್ಳೋರಿಗೆ ಕೊಡೋ ವೀಸಾ ಇದು. ರಾಜ್ಯ ಸರ್ಕಾರ ನಾಮಿನೇಟ್ ಮಾಡಿದ್ರೆ 15 ಪಾಯಿಂಟ್ ಹೆಚ್ಚಿಗೆ ಸಿಗುತ್ತೆ. ಅದಕ್ಕೇ ತುಂಬ ಜನಕ್ಕೆ ಇದೇ ಹತ್ತಿರದ ದಾರಿ. ಅವಧಿ ಐದು ವರ್ಷ. ಮೂರು ವರ್ಷ ಆದಮೇಲೆ, ಮೂರು ವರ್ಷದ ತೆರಿಗೆ ದಾಖಲೆ ತೋರಿಸಿ, 191 ಅನ್ನೋ ಪರ್ಮನೆಂಟ್ ವೀಸಾಕ್ಕೆ ಅರ್ಜಿ ಹಾಕಬಹುದು. ಅಲ್ಲಿವರೆಗೆ ವಾಸ, ಕೆಲಸ, ಓದು ಎಲ್ಲ ರೀಜನಲ್ ಜಾಗದಲ್ಲೇ. ಒಂದು ಮಾತು ನೆನಪಿಟ್ಕೊಳ್ಳಿ: ಈ ಷರತ್ತು ಮುಖ್ಯ ಅರ್ಜಿದಾರರಿಗೆ ಮಾತ್ರ ಅಲ್ಲ, ಮನೆಯವರೆಲ್ಲರಿಗೂ ಅನ್ವಯ.

ನಮ್ಮ ಮನೇಲಿ ಮುಖ್ಯ ಅರ್ಜಿದಾರರು ಯಾರು? ನನ್ನ ಹೆಂಡತಿ. ಅವಳು ನರ್ಸ್. ಬೆಂಗಳೂರಲ್ಲೇ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು, ಆಮೇಲೆ ಅಡಿಲೇಡ್‌ಗೆ ಹೋಗಿ ಓಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ ಪಾಸು ಮಾಡಿ ರಿಜಿಸ್ಟ್ರೇಷನ್ ತಗೊಂಡವಳು. ನಾನು? ಬೆಂಗಳೂರಲ್ಲಿ ಒಂದು ಕಂಪನಿಯ ಸೇಲ್ಸ್ ಟೀಮಿಗೆ ಮುಖ್ಯಸ್ಥ. ವೀಸಾ ಕಾಗದದಲ್ಲಿ ಡಿಪೆಂಡೆಂಟ್. ಅದನ್ನ ಓದಿ ಇಬ್ಬರೂ ನಕ್ಕಿದ್ವಿ. "ಇನ್ಮೇಲೆ ಮನೆ ಯಜಮಾನಿ ನಾನೇ ರೀ" ಅಂತ ಅವಳು ತಮಾಷೆ ಮಾಡಿದ್ದಳು. ಆ ನಗು ನನಗೆ ಮಾರ್ಚ್ ತಿಂಗಳಿಗೇ ನಿಂತುಹೋಯ್ತು.

ಯಾಕೆ ಅಂತ ಹೇಳ್ತೀನಿ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಅಂದ್ಕೊಳ್ಳಿ. ಹೆಂಡತಿ ಆಸ್ಪತ್ರೆಯಲ್ಲಿ, ಮಗಳು ಸ್ಕೂಲಲ್ಲಿ. ಪಾತ್ರೆ ತೊಳೆದಾಯ್ತು, ಬಟ್ಟೆ ಒಣಗಿಹಾಕಿದ್ದಾಯ್ತು. ಕಿಟಕಿಯಿಂದ ನೋಡಿದ್ರೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ತರಕಾರಿ ಗಾಡಿಯವನ ಕೂಗಿಲ್ಲ, ಪಕ್ಕದ ಮನೆ ಕುಕ್ಕರ್ ಸೀಟಿ ಇಲ್ಲ. ಸಿಲ್ಕ್ ಬೋರ್ಡಲ್ಲಿ ಕೂತು ನಾನು ಬೇಡಿಕೊಂಡಿದ್ದ ಮೌನ ಇದೇ. ಅದು ಸಿಕ್ಕಾಗ ನನಗೆ ಎದೆ ಮೇಲೆ ಯಾರೋ ಕಲ್ಲು ಇಟ್ಟ ಹಾಗೆ ಆಯ್ತು.

ಅದೇ ಸಂಜೆ ಹೆಂಡತಿ ಡ್ಯೂಟಿ ಮುಗಿಸಿ ಬಂದು ಸೋಫಾ ಮೇಲೆ ಕೂತು ಹೇಳಿದಳು: "ಎಷ್ಟು ನೆಮ್ಮದಿ ಅಲ್ವಾ ರೀ ಇಲ್ಲಿ?" ಇಡೀ ದಿನ ಬೆಲ್ಲು, ಪೇಷಂಟ್‌ಗಳ ಓಡಾಟ ನೋಡಿ ಬಂದವಳಿಗೆ ಅದು ನಿಜವಾಗ್ಲೂ ನೆಮ್ಮದಿ. ಅವತ್ತು ನನಗೆ ಒಂದು ವಿಷಯ ಅರ್ಥ ಆಯ್ತು. ಶಾಂತಿ ಅನ್ನೋದು ಮನೇಲಿ ಎಲ್ಲರಿಗೂ ಸಮನಾಗಿ ಹಂಚಿಕೆ ಆಗಲ್ಲ. ಕೆಲಸಕ್ಕೆ ಹೋಗಿ ಬರೋರಿಗೆ ಅದು ವಿಶ್ರಾಂತಿ. ದಿನವಿಡೀ ಮನೇಲಿರೋರಿಗೆ ಅದೇ ಒಂಟಿತನ. ಎಷ್ಟೋ ಮನೆಗಳಲ್ಲಿ ಗಂಡನ ಹಿಂದೆ ಹೋದ ಹೆಂಗಸರು ಇದನ್ನ ವರ್ಷಾನುಗಟ್ಟಲೆ ನುಂಗಿಕೊಂಡು ಬದುಕಿದ್ದಾರೆ. ನನಗೆ ಗೊತ್ತಾಗೋಕೆ ನಾನೇ ಆ ಜಾಗದಲ್ಲಿ ಕೂರಬೇಕಾಯ್ತು.

ಕೆಲಸ ಹುಡುಕಲಿಲ್ವಾ ಅಂತ ಕೇಳ್ತೀರ. ಹುಡುಕಿದೆ. ಸಣ್ಣ ಊರಲ್ಲಿ ನನ್ನ ಥರದ ಹುದ್ದೆಗಳೇ ಬೆರಳೆಣಿಕೆ. ಇದ್ದ ಕಡೆ ಕೇಳೋದು "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಬೆಂಗಳೂರಿನ ಕಂಪನಿ ಅಲ್ಲಿಂದಲೇ ಕೆಲಸ ಮಾಡೋದಕ್ಕೆ ಒಪ್ಪಲಿಲ್ಲ. ಇನ್ನೊಂದು ಕಡೆ ಸ್ಕೂಲು ಮೂರು ಗಂಟೆ ಹೊತ್ತಿಗೆ ಬಿಡ್ತಾರೆ. ಹೆಂಡತಿಗೆ ಶಿಫ್ಟು, ಎಷ್ಟೋ ಶನಿವಾರ ಭಾನುವಾರವೂ ಡ್ಯೂಟಿ. ಮಗಳನ್ನ ಕರ್ಕೊಂಡು ಬರೋಕೆ ಅಜ್ಜಿ ಇಲ್ಲ, ಪಕ್ಕದ ಮನೆ ಆಂಟಿ ಇಲ್ಲ. ಹಾಗಾಗಿ ಯಾವ ಕೆಲಸ ಆದ್ರೂ ಅದರ ಟೈಮು ಮೂರು ಗಂಟೆಗೆ ಸರಿಹೊಂದಬೇಕು.

ಆಮೇಲೆ ಚಳಿಗಾಲ ಬಂತು. ಅಲ್ಲಿ ಚಳಿ ಜೂನ್‌ನಿಂದ ಆಗಸ್ಟ್. ಜೂನ್‌ನಲ್ಲಿ ಸಂಜೆ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗ್ತಾನೆ. ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ. ನಮ್ಮ ಬಾಡಿಗೆ ಮನೆ ಹಳೇದು, ಗೋಡೆ ಕಿಟಕಿಗಳಲ್ಲೇ ಚಳಿ ಒಳಗೆ ಬರೋದು. ಕರೆಂಟ್ ಬಿಲ್ ನೋಡಿ ಒಂದೇ ರೂಮಲ್ಲಿ ಮೂರೂ ಜನ ಮಲಗಿದ್ದೀವಿ. ಮಗಳಿಗೆ ಜ್ವರ ಬಂದಾಗ ಡಾಕ್ಟರ್ ಹುಡುಕಿದ್ರೆ ಒಂದು ಕ್ಲಿನಿಕ್‌ನವರು "ಹೊಸ ಪೇಷಂಟ್ ತಗೊಳ್ತಾ ಇಲ್ಲ" ಅಂದ್ರು, ಇನ್ನೊಂದು ಕ್ಲಿನಿಕ್‌ನವರೂ ಅದೇ ಅಂದ್ರು. 491 ವೀಸಾದವರಿಗೆ ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ಸೌಲಭ್ಯ ಸಿಗುತ್ತೆ, ಅದು ದೊಡ್ಡ ಅನುಕೂಲ. ಆದ್ರೆ ಕೈಯಲ್ಲಿ ಕಾರ್ಡ್ ಇರೋದು ಬೇರೆ, ಊರಲ್ಲಿ ಡಾಕ್ಟರ್ ಸಿಗೋದು ಬೇರೆ. ಗಲ್ಲಿಗೊಂದು ಕ್ಲಿನಿಕ್ ನೋಡಿ ಬೆಳೆದ ನಮಗೆ ಇದು ಹೊಸದು.

ಒಂದು ತಮಾಷೆ ಹೇಳಿಬಿಡ್ತೀನಿ. ಮೆಲ್ಬರ್ನ್‌ನಲ್ಲಿರೋ ಕನ್ನಡದ ಸ್ನೇಹಿತರು ಒಂದು ಸಲ ಅವರ ಮನೆ ಗಿಡದ ಕರಿಬೇವು ಕೊಟ್ಟು ಕಳಿಸಿದ್ರು. ಲಾನ್‌ಸೆಸ್ಟನ್ ಏರ್‌ಪೋರ್ಟಲ್ಲಿ ಇಳಿದ್ರೆ ನಾಯಿ ಬಂದು ಬ್ಯಾಗ್ ಮೂಸ್ತು. ಟ್ಯಾಸ್ಮೇನಿಯಾಕ್ಕೆ ಹೊರದೇಶದಿಂದ ಬಿಡಿ, ಮೆಲ್ಬರ್ನ್‌ನಿಂದಲೂ ತಾಜಾ ಹಣ್ಣು, ತರಕಾರಿ, ಗಿಡ ಹಾಗೇ ತರೋ ಹಾಗಿಲ್ಲ. ದ್ವೀಪದ ಬೆಳೆಗೆ ರೋಗ, ಹುಳ ಬರಬಾರದು ಅಂತ. ಕರಿಬೇವು ಬುಟ್ಟಿಗೆ ಹೋಯ್ತು. ಅವತ್ತು ಮನೇಲಿ ಒಗ್ಗರಣೆ ಸಪ್ಪೆ.

ಹೊರಗೆ ಬರೋಕೆ ನನಗೆ ದಾರಿ ತೋರಿಸಿದ್ದು ನಮ್ಮ ಬೀದಿಯ ಒಬ್ಬ ತಾತ. ಒಂದು ದಿನ ಬೇಲಿ ಆಚೆಯಿಂದ ಕೇಳಿದ್ರು, "ಮರಗೆಲಸ ಬರುತ್ತಾ?" ಬರಲ್ಲ ಅಂದೆ. "ಹಾಗಾದ್ರೆ ಬಾ" ಅಂತ ಮೆನ್ಸ್ ಶೆಡ್‌ಗೆ ಕರ್ಕೊಂಡು ಹೋದ್ರು. ಆಸ್ಟ್ರೇಲಿಯಾದ ಎಷ್ಟೋ ಊರುಗಳಲ್ಲಿ ಮೆನ್ಸ್ ಶೆಡ್ ಇರುತ್ತೆ. ಹೆಚ್ಚಾಗಿ ರಿಟೈರ್ ಆದ ಗಂಡಸರು ಸೇರಿ ಮರಗೆಲಸ, ರಿಪೇರಿ ಮಾಡ್ತಾ, ಟೀ ಕುಡೀತಾ ಕೂರೋ ಜಾಗ. ನಮ್ಮೂರ ಅರಳಿಕಟ್ಟೆಗೆ ಒಂದು ತಗಡಿನ ಮಾಡು ಹಾಕಿ ಉಳಿ, ಗರಗಸ ಇಟ್ಟ ಹಾಗೆ. ಅಲ್ಲಿ ನಾನು ಮಾಡಿದ ಮೊದಲ ವಸ್ತು ಮಗಳಿಗೆ ಒಂದು ಅಳಗುಳಿ ಮಣೆ. ಹದಿನಾಲ್ಕು ಗುಳಿ ಕೊರೆಯೋಕೆ ಮೂರು ವಾರ ಹಿಡೀತು. ಹುಣಸೆ ಬೀಜದ ಬದಲು ಶರ್ಟಿನ ಗುಂಡಿ. ಈಗ ಅವಳ ಸ್ನೇಹಿತೆಯರೂ ಬಂದು ಆಡ್ತಾರೆ, ಎಣಿಸೋದು ಮಾತ್ರ ಕನ್ನಡದಲ್ಲೇ ಅಂತ ಅವಳದೇ ರೂಲ್ಸು.

ಆ ತಾತಂದಿರ ಜೊತೆ ಕೂತೂ ಕೂತೂ ನನಗೆ ಒಂದು ಕೆಲಸ ಕಣ್ಣಿಗೆ ಬಿತ್ತು. ಊರಲ್ಲಿ ವಯಸ್ಸಾದೋರು ಜಾಸ್ತಿ, ನೋಡ್ಕೊಳ್ಳೋರು ಕಡಿಮೆ. ನಾನು ಇಂಡಿವಿಜುವಲ್ ಸಪೋರ್ಟ್ ಅನ್ನೋ ಸರ್ಟಿಫಿಕೇಟ್ ತ್ರೀ ಕೋರ್ಸ್‌ಗೆ ಸೇರಿದೆ. ಪಾಠದ ಜೊತೆ 120 ಗಂಟೆ ಸ್ಥಳದಲ್ಲೇ ಕೆಲಸ ಮಾಡಿ ಕಲೀಬೇಕು. ಹಾಸಿಗೆ ಹಿಡಿದವರನ್ನ ಹೇಗೆ ಮಗ್ಗುಲು ತಿರುಗಿಸಬೇಕು, ನೋವಾಗದ ಹಾಗೆ ಹೇಗೆ ಕೂರಿಸಬೇಕು, ಮರೆವಿನ ಕಾಯಿಲೆ ಇರೋರ ಜೊತೆ ಹೇಗೆ ಮಾತಾಡಬೇಕು. ಕೆಲಸ ಸಿಕ್ತು. ಎರಡೂವರೆಗೆ ಮುಗಿಯೋ ಶಿಫ್ಟೂ ಸಿಕ್ತು. ಊರಿಗೆ ಫೋನ್ ಮಾಡಿದಾಗ ಮಾತ್ರ ಅಪ್ಪನಿಗೆ ಹೇಳೋಕೆ ನಾಚಿಕೆ. "ಹೆಲ್ತ್ ಫೀಲ್ಡಲ್ಲಿ ಇದ್ದೀನಿ" ಅಂತ ತೇಲಿಸಿದ್ದೆ.

ಕಳೆದ ವರ್ಷ ಅರಕಲಗೂಡಿನಲ್ಲಿ ಅಪ್ಪ ಬಚ್ಚಲುಮನೇಲಿ ಜಾರಿ ಬಿದ್ರು. ಸೊಂಟದ ಮೂಳೆ ಮುರೀತು. ಲಾನ್‌ಸೆಸ್ಟನ್‌ನಿಂದ ವಿದೇಶಕ್ಕೆ ನೇರ ವಿಮಾನ ಇಲ್ಲ. ಮೆಲ್ಬರ್ನ್, ಅಲ್ಲಿಂದ ಸಿಂಗಪುರ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಕಾರು. ಟಿಕೆಟ್ ಸಿಕ್ಕಿ ನಾನು ತಲುಪೋ ಹೊತ್ತಿಗೆ ಆಪರೇಷನ್ ಮುಗಿದು ಎರಡು ದಿನ ಆಗಿತ್ತು. ಅಪ್ಪನನ್ನ ಎಬ್ಬಿಸಿ ಕೂರಿಸೋಕೆ ಮನೆಯವರು ಹೆದರ್ತಿದ್ರು. ಡಾಕ್ಟರನ್ನ ಕೇಳಿಕೊಂಡು ನಾನೇ ನಿಧಾನಕ್ಕೆ ಕೂರಿಸಿದೆ. ಅಪ್ಪ ನನ್ನ ಕೈಯನ್ನೇ ನೋಡ್ತಿದ್ರು. "ಇದನ್ನೆಲ್ಲಿ ಕಲ್ತೆಯಪ್ಪಾ?" ಅಂದ್ರು. "ಅಲ್ಲಿ ನನ್ನ ಕೆಲಸ ಇದೇ ಅಪ್ಪ" ಅಂದೆ. "ಒಳ್ಳೇ ಕೆಲಸವೇ ಬಿಡು" ಅಂದ್ರು, ಅಷ್ಟೇ.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ರಾತ್ರಿ ಅಡುಗೆಮನೇಲಿ ಅಕ್ಕ ಹೇಳಿದ್ದು ಬೇರೆ. "ನೀನು ಬಂದೆ, ಸಂತೋಷ ಕಣೋ. ಎಂಟು ದಿನ ಇದ್ದು ಹೋಗ್ತೀಯ. ಒಂಬತ್ತನೇ ದಿನದಿಂದ ನಾನೇ ಅಲ್ವಾ?" ಕೋಪದಲ್ಲಿ ಹೇಳಲಿಲ್ಲ. ಚಪಾತಿ ಲಟ್ಟಿಸ್ತಾ ಹೇಳಿದಳು. ನಾನು ವೀಸಾ ಲೆಕ್ಕದಲ್ಲಿ ಮೂರು ಜನ ಅಂದ್ಕೊಂಡಿದ್ದೆ. ಪಾಸ್‌ಪೋರ್ಟೇ ಇಲ್ಲದ ನನ್ನ ಅಕ್ಕನೂ ನಮ್ಮ ಶಾಂತಿಗೆ ಕಂತು ಕಟ್ತಾ ಇದ್ದಳು. ನನಗೆ ಅದು ಕಂಡೇ ಇರಲಿಲ್ಲ.

ಈಗ ಏನು ಮಾಡ್ತಿದ್ದೀವಿ? ಹಗಲು ಹೊತ್ತಿಗೆ ಅಪ್ಪನಿಗೆ ಒಬ್ಬ ಸಹಾಯಕರನ್ನ ಇಟ್ಟಿದ್ದೀವಿ, ಅವರ ಸಂಬಳ ನನ್ನದು. ವರ್ಷಕ್ಕೆ ನನಗೆ ಸಿಗೋ ನಾಲ್ಕು ವಾರದ ರಜೆಯಲ್ಲಿ ನಾನು ಅರಕಲಗೂಡಿಗೆ ಹೋಗ್ತೀನಿ. ಆ ನಾಲ್ಕು ವಾರ ಅಕ್ಕನಿಗೆ ರಜೆ. ಅವಳು ಮಗಳ ಮನೆಗೋ, ಎಲ್ಲಿಗಾದ್ರೂ ಹೋಗ್ತಾಳೆ. ಇದು ಸಾಕಾ? ಸಾಕಾಗಲ್ಲ. ಉಳಿದ ನಲವತ್ತೆಂಟು ವಾರ ಅವಳದೇ.

ಸ್ನೇಹಿತರೇ, ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗೋ ಮುಂಚೆ ಸಂಬಳ, ಬಾಡಿಗೆ, ಪಾಯಿಂಟ್ ಎಲ್ಲ ಲೆಕ್ಕ ಹಾಕ್ತೀರ. ಜೊತೆಗೆ ಇನ್ನೊಂದು ಹಾಳೆ ತಗೊಳ್ಳಿ. ಮನೇಲಿ ಯಾರಿಗೆ ಕೆಲಸ ಸಿಗೋದು ಖಾತ್ರಿ ಇಲ್ಲವೋ ಅವರ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆ ಗಂಟೆಗೆ ಬರೀರಿ. ಅವರ ಕೈಯಲ್ಲೇ ಬರೆಸಿ. ಅವರ ವೃತ್ತಿಗೆ ಆ ಊರಲ್ಲಿ ಎಷ್ಟು ಜಾಗ ಇದೆ ಅಂತ ಈಗಲೇ ಹುಡುಕಿ. ಹೊಸ ಪೇಷಂಟ್ ತಗೊಳ್ಳೋ ಡಾಕ್ಟರ್ ಇದ್ದಾರಾ ಅಂತ ಇಲ್ಲಿಂದಲೇ ಫೋನ್ ಮಾಡಿ ಕೇಳಿ. ಸಾಧ್ಯ ಆದ್ರೆ ಒಂದು ಸಲ ಜುಲೈನಲ್ಲಿ ಹೋಗಿ ನೋಡಿ, ಡಿಸೆಂಬರ್‌ನಲ್ಲಿ ಎಲ್ಲ ಊರೂ ಚೆಂದವೇ. ಕೊನೆಗೆ, ಊರಲ್ಲಿ ಅಪ್ಪ ಅಮ್ಮನ ಜೊತೆ ಉಳಿಯೋ ಅಕ್ಕನೋ ತಮ್ಮನೋ ಇದ್ದಾರಲ್ಲ, ಅವರನ್ನ ಕೂರಿಸ್ಕೊಂಡು ಮಾತಾಡಿ. ಬೀಳ್ಕೊಡೋ ದಿನ ಏರ್‌ಪೋರ್ಟಲ್ಲಿ ಅಲ್ಲ, ಅರ್ಜಿ ಹಾಕೋ ಮುಂಚೆ.

ಬರೋ ಫೆಬ್ರವರಿಗೆ ನಮಗೆ ಮೂರು ವರ್ಷ. ಪರ್ಮನೆಂಟ್ ವೀಸಾ ಬಂದ್ರೆ ಎಲ್ಲಿ ಬೇಕಾದ್ರೂ ಇರಬಹುದು. ಮೆಲ್ಬರ್ನ್‌ಗೆ ಹೋಗೋಣ ಅಂತ ಹೆಂಡತಿಗೆ ಆಸೆ, ಅಲ್ಲಿ ಕನ್ನಡದವರು ಜಾಸ್ತಿ. ಮಗಳು ಲಾನ್‌ಸೆಸ್ಟನ್ ಬಿಟ್ಟು ಬರಲ್ಲ ಅಂತಾಳೆ. ನನಗೆ ಶೆಡ್ ಬಿಡೋಕೆ ಮನಸ್ಸಿಲ್ಲ. ಈ ಸಲ ಮಾತುಕತೆಗೆ ಅಕ್ಕನನ್ನೂ ವಿಡಿಯೋ ಕಾಲ್‌ನಲ್ಲಿ ಕೂರಿಸ್ಕೊಂಡಿದ್ದೀವಿ. ಇನ್ನೂ ತೀರ್ಮಾನ ಆಗಿಲ್ಲ.

ಮನೇಲಿ ಯಾರಾದ್ರೂ ಫೈಲ್ ರೆಡಿ ಮಾಡ್ಕೊಳ್ತಿದ್ರೆ ಅವರಿಗೂ ಇದನ್ನ ಕಳಿಸಿ.