ಹೊಟ್ಟೆನೋವು ಎನ್ನುವ ಮಗು



ನಾನು ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರನೇ ತರಗತಿಯ ಹುಡುಗನೊಬ್ಬನಿದ್ದ. ಸೋಮವಾರ ಬಂತೆಂದರೆ ಪಕ್ಕದವರ ಪುಸ್ತಕ ಹರಿಯುತ್ತಿದ್ದ, ಕೈ ಹಿಡಿಯಲು ಹೋದರೆ ಕಚ್ಚುತ್ತಿದ್ದ. ಎಲ್ಲರ ಬಾಯಲ್ಲೂ ಅವನಿಗೆ ‘ತಂಟೆಕೋರ’ ಎಂದೇ ಹೆಸರು. ಅವನನ್ನು ಬಾಗಿಲಾಚೆ ನಿಲ್ಲಿಸಿದವಳು ನಾನೇ. ಒಂದು ದಿನ ಬಿಸಿಯೂಟದ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, “ಮಿಸ್, ಸೋಮವಾರ ಅವನು ಮೂರು ಸಲ ಅನ್ನ ಹಾಕಿಸ್ಕೊಳ್ತಾನೆ, ನೋಡಿದ್ದೀರಾ?” ಎಂದರು. ಶನಿವಾರ ಸಂಜೆ ಅವನ ಮನೆಯಲ್ಲಿ ಕುಡಿತ, ಹೊಡೆದಾಟ. ಭಾನುವಾರ ಒಲೆಯೇ ಹೊತ್ತುತ್ತಿರಲಿಲ್ಲ.

ಅದೇ ತರಗತಿಯಲ್ಲಿ ಒಬ್ಬ ಹುಡುಗಿಯೂ ಇದ್ದಳು. ಮಾತಿಲ್ಲ, ಗಲಾಟೆಯಿಲ್ಲ. ಆಗಾಗ ‘ಹೊಟ್ಟೆನೋವು’ ಎನ್ನುತ್ತಿದ್ದಳು. ಜಂತುಹುಳದ ಮಾತ್ರೆ ಕೊಡಿಸಿ ಸುಮ್ಮನಾದೆವು. ಎಂಟು ವರ್ಷದ ಮಗು ‘ನನಗೆ ಭಯವಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಅದು ಕಚ್ಚುತ್ತದೆ, ಇಲ್ಲವೇ ಹೊಟ್ಟೆ ಹಿಡಿದುಕೊಳ್ಳುತ್ತದೆ. ಕಚ್ಚಿದವನಿಗೆ ಶಿಕ್ಷೆಯಾದರೂ ಸಿಕ್ಕಿತು. ಅವಳತ್ತ ಯಾರ ಗಮನವೂ ಹೋಗಲಿಲ್ಲ. ಆ ವರ್ಷ ನೆನಪಾದಾಗ ಇವತ್ತಿಗೂ ನನ್ನನ್ನು ಹೆಚ್ಚು ಕಾಡುವವಳು ಅವಳೇ.

ನಡವಳಿಕೆಯನ್ನು ತಿದ್ದುವುದು ಶಾಲೆಯ ಕೆಲಸ, ಮನಸ್ಸನ್ನು ನೋಡುವುದು ಆಸ್ಪತ್ರೆಯ ಕೆಲಸ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಈ ಹಂಚಿಕೆಯಲ್ಲಿ ಪ್ರಾಥಮಿಕ ಶಾಲೆಯ ಮಗು ನಡುವೆ ಬೀಳುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಅದು ಹೇಳಿತು. ಹದಿಮೂರಕ್ಕಿಂತ ಚಿಕ್ಕವರು ಆ ಲೆಕ್ಕದಲ್ಲೇ ಇಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ, ಗಮನ ಚಂಚಲತೆಯೂ ಇದೆ. ಆದರೆ ಅದರ ತಂಡ ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ಹಲ್ಲು, ಕಣ್ಣು, ತೂಕ ನೋಡುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಇತ್ತ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಆಗಲೇಬೇಕಾಗಿದ್ದ ಕೆಲಸ ಅದು. ಆದರೆ ಶಿಕ್ಷಕರ ಕೈಯಿಂದ ಕೋಲು ತೆಗೆದುಕೊಂಡ ನಾವು ಬದಲಿಗೆ ಏನು ಕೊಟ್ಟೆವು?

ನಡವಳಿಕೆ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಎಂಬ ಇದೇ ಒಡಕನ್ನು ಅಮೆರಿಕದ ಶಾಲೆಗಳೂ ಕಂಡಿವೆ. ಅಲ್ಲಿ 1990ರ ದಶಕದ ಕೊನೆಯಿಂದ ಮೂರು ಹಂತದ ನಡವಳಿಕೆ ಬೆಂಬಲದ ಪದ್ಧತಿ ಹರಡಿತು: ಮೊದಲ ಹಂತ ಎಲ್ಲ ಮಕ್ಕಳಿಗೆ, ಎರಡನೆಯದು ಕೆಲವರಿಗೆ, ಮೂರನೆಯದು ತೀರಾ ಬೇಕಾದವರಿಗೆ. ಆಪ್ತಸಮಾಲೋಚಕರು ಮಾತ್ರ ಅದರ ಹೊರಗೆ, ಬೇರೆ ಕೋಣೆಯಲ್ಲಿ, ಬೇರೆ ಕಡತ ಇಟ್ಟುಕೊಂಡು ಕೂತಿದ್ದರು. ನಡವಳಿಕೆ ನೋಡುವವರನ್ನೂ ಆಪ್ತಸಮಾಲೋಚಕರನ್ನೂ ಒಂದೇ ತಂಡದಲ್ಲಿ, ಒಂದೇ ಮಾಹಿತಿಯ ಮುಂದೆ ಕೂರಿಸುವ ಚೌಕಟ್ಟನ್ನು 2013ರ ಹೊತ್ತಿಗೆ ಅಲ್ಲಿನ ತಜ್ಞರು ವಿವರವಾಗಿ ಬರೆದರು. ತರಗತಿಯ ಶಿಕ್ಷಕರು ಏನು ಮಾಡಬಲ್ಲರು ಎಂಬುದಕ್ಕೂ ಅಲ್ಲೊಂದು ಉದಾಹರಣೆಯಿದೆ. ಬಾಲ್ಟಿಮೋರ್ ನಗರದಲ್ಲಿ 1985ರ ಸುಮಾರಿಗೆ ಒಂದನೇ ತರಗತಿಯ ಮಕ್ಕಳಿಗೆ ‘ಗುಡ್ ಬಿಹೇವಿಯರ್ ಗೇಮ್’ ಎಂಬ ತಂಡದಾಟ ಆಡಿಸಿದ್ದರು. ಆಡಿಸಿದವರು ತರಗತಿಯ ಶಿಕ್ಷಕರೇ. ಆ ಮಕ್ಕಳನ್ನು ಹತ್ತೊಂಬತ್ತು–ಇಪ್ಪತ್ತೊಂದರ ವಯಸ್ಸಿನಲ್ಲಿ ಮತ್ತೆ ಹುಡುಕಿ ನೋಡಿದಾಗ, ಮೊದಲು ತೀರಾ ಜಗಳಗಂಟರಾಗಿದ್ದ ಹುಡುಗರಲ್ಲಿ, ಆ ಆಟ ಆಡದ ಅಂಥದೇ ಹುಡುಗರಿಗಿಂತ, ಮಾದಕ ವ್ಯಸನ ಕಡಿಮೆಯಿತ್ತು. ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಒಂದನೇ ತರಗತಿಯ ಮಿಸ್‌ಗೆ ಅಷ್ಟು ಶಕ್ತಿಯಿದೆ!

ಹಾಗೆಂದು ಅಲ್ಲಿನದನ್ನು ಇಲ್ಲಿಗೆ ಕಿತ್ತು ನೆಡಲಾಗದು. ನಮ್ಮ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರು. ಆದರೆ ಬರಿಗೈಯೂ ಅಲ್ಲ ನಮ್ಮದು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಪದ್ಧತಿ, ಪ್ರತಿ ಮಗುವೂ ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸಿಡುವ ಅಭ್ಯಾಸವನ್ನು ನಮ್ಮ ಶಿಕ್ಷಕರಿಗೆ ಕಲಿಸಿದೆ. ಅಕ್ಷರದ ಮೆಟ್ಟಿಲು ಗುರುತಿಸುವ ಕಣ್ಣಿಗೆ ಮನಸ್ಸಿನ ಮೆಟ್ಟಿಲೂ ಕಂಡೀತು.

ನನ್ನ ಬೇಡಿಕೆ ಸಣ್ಣದು. ಶಾಲೆಗೊಂದು ನೋಟ್‌ಬುಕ್ಕು. ಏನಾಯಿತು, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ನಾವೇನು ಮಾಡಿದೆವು ಎಂದು ಬರೆಯಿರಿ. ಅದರಲ್ಲಿ ಸದ್ದು ಮಾಡದ ಮಕ್ಕಳಿಗೂ ಒಂದು ಪುಟವಿರಲಿ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಶಿಕ್ಷಕರು, ಆಶಾ ಕಾರ್ಯಕರ್ತೆ, ಆರೋಗ್ಯ ಕೇಂದ್ರದವರೊಬ್ಬರು ಒಟ್ಟಿಗೆ ಕೂತು ಓದಿ. ಅಡುಗೆಯ ಅಕ್ಕನನ್ನೂ ಕರೆದು ಕೇಳಿ. ನಮ್ಮಿಂದಾಗದ್ದು ಕಂಡರೆ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ತಿಳಿಸಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಶಿಕ್ಷಕರೂ ಕರೆ ಮಾಡಬಹುದು. ಆ ನೋಟ್‌ಬುಕ್ಕು ಮಾತ್ರ ಬೀಗದೊಳಗಿರಲಿ. ಒಂದು ಮನೆಯ ಕಷ್ಟ ಊರಿನ ಕಟ್ಟೆಯ ಮೇಲೆ ಮಾತಾಗಬಾರದು. ಮಗುವಿಗೆ ರೋಗದ ಹೆಸರು ಕಟ್ಟುವ ಅವಸರವೂ ಬೇಡ. ‘ತಂಟೆಕೋರ’ ಎನ್ನುವ ಬದಲು ಇನ್ನೊಂದು ಹಣೆಪಟ್ಟಿ ಅಂಟಿಸಿದರೆ ಅದಕ್ಕೇನು ಸುಖ?

ಈ ಸಭೆಯ ಮಧ್ಯಾಹ್ನದ ಗುಂಪು ಚರ್ಚೆಗೆ ಕುರ್ಚಿಗಳನ್ನು ಶಿಕ್ಷಣ, ಆರೋಗ್ಯ ಎಂದು ಇಲಾಖೆವಾರು ಹಾಕಿರುವುದನ್ನು ಬರುವಾಗ ನೋಡಿದೆ. ಸಂಘಟಕರಲ್ಲಿ ವಿನಂತಿ: ಊಟದ ಬಿಡುವಿನಲ್ಲಿ ಅವನ್ನು ಬೆರೆಸಿ. ಪ್ರತಿ ಮೇಜಿನಲ್ಲೂ ಒಬ್ಬ ಶಿಕ್ಷಕರು, ಒಬ್ಬ ಆರೋಗ್ಯ ಕಾರ್ಯಕರ್ತರು ಅಕ್ಕಪಕ್ಕ ಕೂತು, ತಮಗೆ ಗೊತ್ತಿರುವ ಒಂದು ಮಗುವಿನ ಸೋಮವಾರದ ಬಗ್ಗೆ, ಹೆಸರು ಹೇಳದೆ, ಮಾತಾಡಲಿ.