ದಿಲ್ಲಿಯ ಚಳಿಯಲ್ಲಿ ದೂರದ ಓಟ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ಸಮಯದಲ್ಲಿ ನಾಡುನುಡಿಗಳನ್ನು ಕುರಿತು ಮಾತನಾಡಬಲ್ಲ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನೆಲ್ಲ ಬಿಟ್ಟು ಕಾರ್ಯದರ್ಶಿಗಳು ನನ್ನನ್ನು ಹಿಡಿದು, "ನೀವು ಓಡುತ್ತೀರಲ್ಲ, ಅದನ್ನೇ ಹೇಳಿ" ಎಂದು ಅಪ್ಪಣೆ ಮಾಡಿದರು. ಊಟದ ಸಾಲಿನಲ್ಲಿ ಹಿಡಿದದ್ದರಿಂದ ತಪ್ಪಿಸಿಕೊಂಡು ಓಡಲು ದಾರಿಯಿರಲಿಲ್ಲ. ನಮ್ಮ ಹುಡುಗರಲ್ಲಿ ಕೆಲವರು ಬರುವ ಫೆಬ್ರವರಿಯ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದಾರೆಂದು ತಿಳಿದ ಮೇಲೆ, ಹೇಳುವುದು ನನ್ನ ಕರ್ತವ್ಯವೆಂದೂ ತೋರಿತು.

ದೂರದ ಓಟ ನಮಗೆ ಹೊಸದೇನೂ ಅಲ್ಲ. 1920ರಲ್ಲಿ ಬೆಲ್ಜಿಯಮಿನ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಬೆಳಗಾವಿಯ ಪಿ. ಡಿ. ಚೌಗುಲೆಯವರು ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಆ ಸಲದ ದಾರಿ ಈಗಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರು ಹೆಚ್ಚೇ ಇತ್ತು. ಅದನ್ನು ಅವರು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿದರು. ನಾನು ಅದಕ್ಕೆ ತೆಗೆದುಕೊಂಡ ಹೊತ್ತನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಎದ್ದು ಹೋದೀರಿ.

ನಾನು ತುಮಕೂರಿನ ಕಡೆಯವನು. 1994ರಲ್ಲಿ ನೌಕರಿಗಾಗಿ ದಿಲ್ಲಿಗೆ ಬಂದೆ. ಐವತ್ತು ದಾಟಿದ ಮೇಲೆ ವೈದ್ಯರು, ರಕ್ತದ ಸಕ್ಕರೆ ಗಡಿಯ ಮೇಲೆ ನಿಂತಿದೆ ಎಂದರು. ನಡೆಯಲು ಹೊರಟವನು ಕ್ರಮೇಣ ಓಡಲು ಕಲಿತೆ. ಮೊದಲ ಚಳಿಗಾಲ ಬಂದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಓಡುವಾಗ ನಮ್ಮ ಸ್ನಾಯುಗಳು ವ್ಯಯಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರಿಯ ಶಾಖವಾಗಿ ಹೋಗುತ್ತದೆ. ಆ ಶಾಖವನ್ನು ಹೊರಹಾಕುವುದೇ ದೂರದ ಓಟಗಾರನ ದೊಡ್ಡ ಕಷ್ಟ. ಹತ್ತು ಹನ್ನೆರಡು ಡಿಗ್ರಿಯ ತಣ್ಣನೆ ಗಾಳಿ ಈ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಜೂನಿನಲ್ಲಿ ಐದು ಕಿಲೋಮೀಟರಿಗೆ ನಾಲಿಗೆ ಹೊರಗೆ ಹಾಕುವವನು ಡಿಸೆಂಬರಿನಲ್ಲಿ ಹತ್ತು ಓಡಿ, ಇನ್ನೂ ಓಡಬಲ್ಲೆ ಎನ್ನುತ್ತಾನೆ. ಚಳಿಗಾಲ ಓಟಗಾರನ ಸುಗ್ಗಿ ಎಂದು ನಾನು ಕಂಡವರಿಗೆಲ್ಲ ಸಾರಿದೆ.

ದಿಲ್ಲಿಯ ಮಟ್ಟಿಗೆ ಅದು ಅರ್ಧ ಸತ್ಯವೆಂದು ತಿಳಿಯಲು ಒಂದು ಚಳಿಗಾಲವೇ ಹಿಡಿಯಿತು.

ಲೆಕ್ಕ ನೋಡಿ. 2016ರಲ್ಲಿ ಆರಂಭವಾದ ಇಲ್ಲಿಯ ಪೂರ್ಣ ಮ್ಯಾರಥಾನ್ ನಡೆಯುವುದು ಫೆಬ್ರವರಿಯ ಕೊನೆಗೆ. ಅದಕ್ಕೆ ಹದಿನಾರು ಹದಿನೆಂಟು ವಾರಗಳ ಸಿದ್ಧತೆ ಬೇಕು. ಹಿಂದಕ್ಕೆ ಎಣಿಸಿದರೆ ರಾಜ್ಯೋತ್ಸವದ ಆಸುಪಾಸಿನಲ್ಲೇ ಆರಂಭ. ಅಂದರೆ ಅತ್ಯಂತ ಹೆಚ್ಚು ಓಡಬೇಕಾದ ತಿಂಗಳುಗಳೂ ದಿಲ್ಲಿಯ ಗಾಳಿ ಅತ್ಯಂತ ಕೆಡುವ ತಿಂಗಳುಗಳೂ ಒಂದೇ. ಹೊಲಗಳಲ್ಲಿ ಸುಡುವ ಕೂಳೆಯ ಹೊಗೆ, ವಾಹನಗಳ ಹೊಗೆ, ಕಟ್ಟಡಗಳ ಧೂಳು, ರಾತ್ರಿ ಕಾವಲುಗಾರರು ಬಡಪಾಯಿಗಳು ಚಳಿಗೆ ಹಾಕಿಕೊಳ್ಳುವ ಬೆಂಕಿ, ಇವೆಲ್ಲ ಸೇರುತ್ತವೆ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದುಂಟು. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಗಾಳಿ ತಣ್ಣಗಿರುತ್ತದೆ. ನೆಲದ ಬಳಿಯ ಬೆಚ್ಚನೆ ಗಾಳಿ ಮೇಲೇರುತ್ತ ಹೊಗೆಯನ್ನೂ ಒಯ್ಯುತ್ತದೆ. ಚಳಿಗಾಲದ ರಾತ್ರಿ ಇದು ತಲೆಕೆಳಗಾಗುತ್ತದೆ. ನೆಲ ಬೇಗ ತಣಿದು, ಅದಕ್ಕೆ ಅಂಟಿದ ಗಾಳಿಯೂ ತಣಿದು ಭಾರವಾಗಿ ಕೂಡುತ್ತದೆ. ಅದರ ಮೇಲೆ ಬೆಚ್ಚನೆ ಗಾಳಿ ಇಡ್ಲಿಪಾತ್ರೆಯ ಮುಚ್ಚಳದಂತೆ ಕವಿದುಕೊಳ್ಳುತ್ತದೆ. ಊರಿನ ಹೊಗೆಯೆಲ್ಲ ಪಾತ್ರೆಯೊಳಗೆ. ಸೂರ್ಯ ಏರಿ ನೆಲ ಕಾದ ಮೇಲೆಯೇ ಆ ಮುಚ್ಚಳ ಏಳುವುದು.

ಹಾಗಾದರೆ ಇಲ್ಲಿ ಓಡಲು ಎಲ್ಲಕ್ಕಿಂತ ಕೆಟ್ಟ ಹೊತ್ತು ಯಾವುದು? ನಮ್ಮ ಹಿರಿಯರು ಹಾಡಿ ಹೊಗಳಿದ ಬ್ರಾಹ್ಮೀ ಮುಹೂರ್ತ! ನಾನು ಎದ್ದು ಓಡುತ್ತಿದ್ದುದು ಸರಿಯಾಗಿ ಆ ಹೊತ್ತಿನಲ್ಲೇ. 2017ರ ನವೆಂಬರ್ ತಿಂಗಳು, ಹೊಗೆ ಎಷ್ಟಿತ್ತೆಂದರೆ ಭಾರತೀಯ ವೈದ್ಯಕೀಯ ಸಂಘದವರು ಅದನ್ನು ಆರೋಗ್ಯದ ತುರ್ತುಪರಿಸ್ಥಿತಿ ಎಂದು ಕರೆದು, ಆ ತಿಂಗಳ ಅರ್ಧ ಮ್ಯಾರಥಾನನ್ನು ನಡೆಸಬಾರದೆಂದು ಕೇಳಿಕೊಂಡರು. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಓಟ 19ರಂದು ನಡೆಯಿತು. 2022ರಿಂದ ಅದನ್ನು ಅಕ್ಟೋಬರಿಗೆ ತಂದಿದ್ದಾರೆ. ಅದರಲ್ಲಿ ನಾನು ಓಡಿರಲಿಲ್ಲ. ನನ್ನ ದೃಷ್ಟಿಯೆಲ್ಲ ಫೆಬ್ರವರಿಯ ಮೇಲೆ. ಪತ್ರಿಕೆಯನ್ನು ಓದಿ, ಮಡಿಸಿಟ್ಟು, ಐದು ಗಂಟೆಗೆ ನೆಹರೂ ಪಾರ್ಕಿಗೆ ಹೋಗುತ್ತಿದ್ದೆ. "ಇದು ಮಂಜೋ ಹೊಗೆಯೋ?" ಎಂದು ಮನೆಯವಳು ಕೇಳಿದರೆ, ಮಂಜು ಎನ್ನುತ್ತಿದ್ದೆ. ಮಂಜಿಗೆ ವಾಸನೆ ಇರುವುದಿಲ್ಲವೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ.

ಡಿಸೆಂಬರಿನ ನಡುವೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಓಡಿದೆ, ಒಂದು ಭಾನುವಾರ 24 ಕಿಲೋಮೀಟರು ಓಡಿ ಬಂದವನು ರಾತ್ರಿಯಿಡೀ ದಿಂಬಿಗೆ ಒರಗಿ ಕುಳಿತೇ ಕಳೆದೆ. ಉಸಿರು ಎಳೆದರೆ ಎದೆಯಲ್ಲಿ ಸಿಳ್ಳು. ಸಕ್ಕರೆ ಇಳಿಸಲು ಹೋಗಿ ಶ್ವಾಸಕೋಶವನ್ನು ಅಡವಿಟ್ಟಂತಾಯಿತು. ಕುಳಿತಾಗ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಸಾಕು. ಜೋರಾಗಿ ಓಡುವಾಗ ಅದರ ಎಂಟು ಹತ್ತು ಪಾಲು ಬೇಕು, ಅದೂ ಬಾಯಿಂದ, ಮೂಗಿನ ಜರಡಿಯನ್ನು ತಪ್ಪಿಸಿ. ವೈದ್ಯರು ಇದನ್ನು ವಿವರಿಸಿ, ಆ ವರ್ಷದ ಫೆಬ್ರವರಿಯನ್ನು ಮರೆತುಬಿಡಿ ಎಂದರು. ಮರೆಯಲಿಲ್ಲ, ಆದರೆ ಓಡಲೂ ಇಲ್ಲ.

ಮುಂದಿನ ವರ್ಷ ಕ್ರಮ ಬದಲಾಯಿಸಿದೆ. ಬೆಳಗಿನ ಓಟ ಬಿಟ್ಟು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಓಡುವುದು. ರಜಾ ದಿನ ಪೂರ್ತಿ, ಕಚೇರಿಯ ದಿನ ಊಟದ ವಿರಾಮ ಕಡಿದು ಅರ್ಧ ಗಂಟೆ. ಬಿಸಿಲಿದ್ದರೂ ಜನವರಿಯಲ್ಲಿ ಸೆಕೆಯ ಮಾತಿಲ್ಲ. ಹೊರಡುವ ಮುಂಚೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂಚ್ಯಂಕ ನೋಡುವುದು. 200 ದಾಟಿದರೆ ವೇಗದ ಓಟ ಇಲ್ಲ, ನಿಧಾನ ಮಾತ್ರ. 300 ದಾಟಿದರೆ ಬೂಟು ಬಾಗಿಲ ಹಿಂದೆಯೇ. ಇದು ನಾನು ಹಾಕಿಕೊಂಡ ಗೆರೆ. ಆಸ್ತಮಾ ಇದ್ದವರು ಇನ್ನೂ ಕೆಳಗೆ ಹಾಕಿಕೊಳ್ಳಬೇಕು. ಮುಖಕ್ಕೆ ಮುಸುಕು ಕಟ್ಟಿಕೊಂಡು ಓಡಿ ನೋಡಿದೆ. ಅರ್ಧ ಮೈಲಿಗೆ ಪ್ರಾಣ ಬಾಯಿಗೆ ಬಂತು. ಮನೆಯೊಳಗಿನ ಗಾಳಿಯೂ ಸ್ವರ್ಗದ್ದೇನಲ್ಲ, ಆದ್ದರಿಂದ ಅಂಥ ದಿನ ಏದುಸಿರು ಬಾರದ ಬೈಠಕ್ಕು, ಕಾಲಿನ ಕಸರತ್ತು, ಅಷ್ಟೆ. ಮೂರು ನಾಲ್ಕು ದಿನ ಓಡದಿದ್ದರೆ ಗಳಿಸಿದ ದಮ್ಮು ಹೋಗುವುದಿಲ್ಲ. ಇದನ್ನು ನಂಬುವುದೇ ಓಟಗಾರನಿಗೆ ಎಲ್ಲಕ್ಕಿಂತ ಕಷ್ಟ. ಒಂದು ಸಲ ಎಂಟು ದಿನ ಸತತ ಕುಳಿತೆ. ಮನೆಯಲ್ಲಿ ನನ್ನ ಸಿಡುಕು ತಾಳಲಾರದೆ, "ಹೊಗೆಯಾದರೂ ಸರಿ, ಹೋಗಿ ಬನ್ನಿ" ಎನ್ನುವವರೆಗೂ ಬಂದಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪಕ್ಕದವನೊಡನೆ ಮಾತನಾಡುತ್ತ ಓಡಬಹುದಾದ ವೇಗವೇ ಸರಿಯಾದ ವೇಗ. ವಾರಕ್ಕೊಂದು ಉದ್ದನೆಯ ಓಟವನ್ನು ಸ್ವಲ್ಪಸ್ವಲ್ಪವಾಗಿ ಬೆಳೆಸಿ 30 ಕಿಲೋಮೀಟರಿಗೆ ತಂದರೆ ಸಾಕು. ಮೈಯಲ್ಲಿ ಶೇಖರವಾದ ಪಿಷ್ಟ ಸುಮಾರು ಅಲ್ಲಿಗೇ ಮುಗಿಯುವುದರಿಂದ, ಅದಕ್ಕೆ ಮೊದಲೇ ಬಾಯಿಗೆ ಏನಾದರೂ ಹಾಕಿಕೊಳ್ಳುವ ಅಭ್ಯಾಸವಿರಲಿ. ನನ್ನದು ಖರ್ಜೂರ ಮತ್ತು ಬೆಲ್ಲ. ಚಳಿಯಲ್ಲಿ ಬಾಯಾರಿಕೆ ತೋರುವುದಿಲ್ಲ, ಬೆವರು ಮಾತ್ರ ಹೋಗುತ್ತಿರುತ್ತದೆ. ಹೊರಡುವಾಗ ಸ್ವಲ್ಪ ನಡುಗಿದರೆ ಉಡುಪು ಸರಿಯಾಗಿದೆ ಎಂದರ್ಥ. ನಾನು ಮೊದಲ ವರ್ಷ ಎರಡು ಸ್ವೆಟರು ಹಾಕಿ ಓಡಿ, ಬೆವರಿನಲ್ಲಿ ತೊಯ್ದು, ನಿಂತ ಮರುಗಳಿಗೆ ಹಲ್ಲು ಕಟಕಟಿಸಿದ್ದೇನೆ.

2019ರ ಫೆಬ್ರವರಿಯಲ್ಲಿ ಓಡಿದೆ. ನೀವು ಕೇಳುವ ಮೊದಲೇ ಒಪ್ಪಿಕೊಳ್ಳುತ್ತೇನೆ: ಆ ಓಟ ಶುರುವಾಗುವುದೂ ನಸುಕಿನಲ್ಲೇ. ಆದರೆ ಫೆಬ್ರವರಿಯ ಕೊನೆಗೆ ಗಾಳಿ ಬೀಸತೊಡಗಿ ಆಕಾಶ ಎಷ್ಟೋ ತಿಳಿಯಾಗಿರುತ್ತದೆ. ಒಂದು ಬೆಳಗು ಬೇರೆ, ಮೂರು ತಿಂಗಳ ಬೆಳಗುಗಳು ಬೇರೆ. 34ನೆಯ ಕಿಲೋಮೀಟರಿನಲ್ಲಿ ತೊಡೆ ಹಿಡಿದು, ನಡೆದು, ಮತ್ತೆ ಓಡಿ, 5 ಗಂಟೆ 20 ನಿಮಿಷಕ್ಕೆ ಮುಗಿಸಿದೆ. ಚೌಗುಲೆಯವರು ಆ ಹೊತ್ತಿಗೆ ಸ್ನಾನ ಊಟ ಮುಗಿಸಿ ಒಂದು ನಿದ್ರೆ ತೆಗೆದಿರುತ್ತಿದ್ದರು. ಕೆಮ್ಮು ಮಾತ್ರ ಇರಲಿಲ್ಲ.

ಈಗ ನಮ್ಮ ಹುಡುಗರಿಗೆ ಒಂದು ಮಾತು. ಬೆಳಿಗ್ಗೆ ಐದಕ್ಕೆ ಸೇರೋಣವೆಂದು ನೀವು ಗೊತ್ತುಮಾಡಿರುವುದು ನನ್ನ ಕಿವಿಗೆ ಬಿದ್ದಿದೆ. ಬರುವ ಭಾನುವಾರ ಮಧ್ಯಾಹ್ನ ಎರಡೂವರೆಗೆ ನೆಹರೂ ಪಾರ್ಕಿನ ಬಾಗಿಲಲ್ಲಿ ನಾನಿರುತ್ತೇನೆ. ಊಟ ಸ್ವಲ್ಪ ಮಿತವಾಗಿರಲಿ. ಸೂಚ್ಯಂಕ 300 ದಾಟಿದ್ದರೆ ನಮ್ಮ ಮನೆಗೆ ಬನ್ನಿ, ಕಾಫಿ ಕುಡಿದು ಹೋಗಬಹುದು.