ದೀಪದ ಸುತ್ತ ಕೆಂಪು

ಇಂಗ್ಲೆಂಡಿನ ಮಾಬರ್ಲಿಯ ಹಾರ್ಮನ್ ಕಾರ್ಖಾನೆ ಇಲ್‌ಫರ್ಡ್ ಕಪ್ಪು-ಬಿಳುಪು ಫಿಲ್ಮಿಗೆ ಹೆಸರುವಾಸಿ. 2023ರ ಡಿಸೆಂಬರಿನಲ್ಲಿ ಫೀನಿಕ್ಸ್ 200 ಎಂಬ ಬಣ್ಣದ ಫಿಲ್ಮನ್ನು ಅವರು ಮಾರಾಟಕ್ಕೆ ಬಿಟ್ಟರು. ಇದಿನ್ನೂ ಪ್ರಯೋಗ ಎಂದು ತಾವೇ ಹೇಳಿಕೊಂಡರು. ಮಾರುವವರು ಹೀಗೆ ಹೇಳುವುದುಂಟೇ!

ಸಂಜೆ ಬೀದಿಯಲ್ಲಿ ಇದರಿಂದ ಚಿತ್ರ ತೆಗೆದರೆ ದೀಪಗಳ ಸುತ್ತ ಕೆಂಪು ಪ್ರಭೆ ಮೂಡುತ್ತದೆ. ಫಿಲ್ಮಿನ ಲೇಪಗಳನ್ನು ದಾಟಿದ ಬೆಳಕು ಹಿಂಬದಿಗೆ ಬಡಿದು ಮರಳುವಾಗ, ಎಲ್ಲಕ್ಕಿಂತ ಕೆಳಗಿರುವ, ಕೆಂಪನ್ನು ಗ್ರಹಿಸುವ ಪದರಕ್ಕೇ ಮೊದಲು ತಾಗುತ್ತದೆ. ಅದನ್ನು ತಡೆಯುವ ಏರ್ಪಾಡು ಇದರಲ್ಲಿ ದುರ್ಬಲ. ನೆರಳೂ ಬೇಗ ಕಪ್ಪಾಗುತ್ತದೆ.

ಮದುವೆಮನೆಗೆ ಇದನ್ನು ಒಯ್ಯಬೇಡಿ, ಬೀಗರು ಬೈದಾರು. ದಿನವೂ ಕಾಣುವ ಚಹಾದಂಗಡಿಗೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆಗೆ ಧಾರಾಳವಾಗಿ ಬಳಸಿ. 2025ರಲ್ಲಿ ಇದರ ಸುಧಾರಿತ ಎರಡನೆಯ ಆವೃತ್ತಿ ಬಂದಿದೆ. ನನಗೆ ಮಾತ್ರ ಹಳೆಯ ಒರಟೇ ಇಷ್ಟ.